ಗೇರ್‌ಬಾಕ್ಸ್: ಕೊನೆಯಲ್ಲಿ ಕೊಳ್ಳುವ ಬಿಡಿಭಾಗವಲ್ಲ

ಸಕ್ಕರೆ ಕಾರ್ಖಾನೆ, ಡಿಸ್ಟಿಲರಿ, ಕಾಗದದ ಗಿರಣಿ, ಕುಸುಬಲಕ್ಕಿ ಗಿರಣಿ, ಸಾಲ್ವೆಂಟ್ ಎಣ್ಣೆ ಘಟಕ ಮುಂತಾದ ಉದ್ದಿಮೆಗಳಿಗೆ ಒಂದು ಸಮಾನ ಲಕ್ಷಣವಿದೆ. ಇವುಗಳಿಗೆ ವಿದ್ಯುತ್ತಿನಷ್ಟೇ ಹಬೆಯೂ ಅತ್ಯಗತ್ಯ. ಬಾಯ್ಲರಿನಲ್ಲಿ ಹೆಚ್ಚಿನ ಒತ್ತಡದಲ್ಲಿ ಸಿದ್ಧವಾದ ಹಬೆಯನ್ನು ಒತ್ತಡ ತಗ್ಗಿಸುವ ವಾಲ್ವಿನ ಮೂಲಕ ಹಾಯಿಸಿ ಬಳಸುವುದು ಬಹುಕಾಲದ ರೂಢಿ. ಆ ವಾಲ್ವಿನಲ್ಲಿ ಹಬೆಯ ಕೆಲಸ ಮಾಡಬಲ್ಲ ಸಾಮರ್ಥ್ಯದ ಒಂದು ಪಾಲು ಸದ್ದಿಲ್ಲದೆ ಕರಗಿಹೋಗುತ್ತದೆ. ಅದೇ ಸ್ಥಳದಲ್ಲಿ ಸಣ್ಣದೊಂದು ಬ್ಯಾಕ್ ಪ್ರೆಷರ್ ಟರ್ಬೈನ್ ಕೂಡಿಸಿದರೆ ಕಾರ್ಖಾನೆಗೆ ಬೇಕಾದ ಹಬೆಯೂ ದೊರೆಯುತ್ತದೆ, ಜೊತೆಗೆ ವಿದ್ಯುತ್ತೂ ಉತ್ಪತ್ತಿಯಾಗುತ್ತದೆ. ಈ ಸತ್ಯವನ್ನು ಮನಗಂಡ ಮಧ್ಯಮ ಹಾಗೂ ಸಣ್ಣ ಉದ್ಯಮಿಗಳು ಟರ್ಬೈನ್ ಕೊಳ್ಳಲು ಮುಂದಾಗುತ್ತಿರುವುದು ಸ್ವಾಗತಾರ್ಹ ಬೆಳವಣಿಗೆಯೇ ಸರಿ.

ಆದರೆ ಖರೀದಿಯ ಮಾತುಕತೆ ನಡೆಯುವ ಬಗೆಯನ್ನು ಗಮನಿಸಿದರೆ ಒಂದು ಲೋಪ ಎದ್ದು ಕಾಣುತ್ತದೆ. ಬಾಯ್ಲರಿನ ಬೆಲೆಯನ್ನು ಕುರಿತು ತಿಂಗಳುಗಟ್ಟಲೆ ಚೌಕಾಸಿ ನಡೆಯುತ್ತದೆ. ಟರ್ಬೈನ್ ಮತ್ತು ಜನರೇಟರುಗಳ ಬಗ್ಗೆ ನಾಲ್ಕಾರು ಕಡೆಯಿಂದ ದರಪಟ್ಟಿ ತರಿಸಲಾಗುತ್ತದೆ. ಇವೆರಡರ ನಡುವೆ ನಿಲ್ಲಬೇಕಾದ ಗೇರ್‌ಬಾಕ್ಸಿಗೆ ಮಾತ್ರ ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಮೀಸಲು. ಹಣ ಸಾಲದಾದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಟರ್ಬೈನಿನ ದಕ್ಷತೆ, ಜನರೇಟರಿನ ಬೆಲೆ, ಇಡೀ ಸೆಟ್ಟಿನ ಆಯುಷ್ಯ ಈ ಮೂರನ್ನೂ ನಿರ್ಧರಿಸುವುದು ಆ ಒಂದು ಸಾಲೇ ಎಂಬುದನ್ನು ಉದ್ಯಮ ವಲಯ ಅರಿಯಬೇಕಾಗಿದೆ.

ಎರಡು ಯಂತ್ರಗಳು, ಎರಡು ಸ್ವಭಾವಗಳು

ಜನರೇಟರಿನ ವೇಗವನ್ನು ಕೊಳ್ಳುವವನಾಗಲೀ ತಯಾರಕನಾಗಲೀ ಮನಬಂದಂತೆ ಆರಿಸಿಕೊಳ್ಳುವಂತಿಲ್ಲ. ಭಾರತದ ವಿದ್ಯುತ್ ಜಾಲದ ಆವರ್ತನ 50 ಹರ್ಟ್ಸ್ ಆಗಿರುವುದರಿಂದ ಎರಡು ಪೋಲ್‌ಗಳ ಜನರೇಟರ್ ನಿಮಿಷಕ್ಕೆ 3000 ಸುತ್ತು, ನಾಲ್ಕು ಪೋಲ್‌ಗಳದ್ದು 1500 ಸುತ್ತು, ಆರು ಪೋಲ್‌ಗಳದ್ದು 1000 ಸುತ್ತು ತಿರುಗಲೇಬೇಕು. ಜಾಲಕ್ಕೆ ಜೋಡಿಸಿದ ಮೇಲೆ ಈ ವೇಗ ಬಿಗಿಯಾಗಿ ಕಟ್ಟಿಹಾಕಿದಂತೆ ನಿಲ್ಲುತ್ತದೆ.

ಹಬೆಯ ಟರ್ಬೈನಿನ ಸ್ವಭಾವವೇ ಬೇರೆ. ನಾಜಲಿನಿಂದ ಹೊರಚಿಮ್ಮುವ ಹಬೆಯ ವೇಗದ ಸುಮಾರು ಅರ್ಧದಷ್ಟು ವೇಗದಲ್ಲಿ ಅಲಗುಗಳು ಚಲಿಸಿದಾಗ ಮಾತ್ರ ಇಂಪಲ್ಸ್ ಮಾದರಿಯ ಟರ್ಬೈನ್ ತನ್ನ ಅತ್ಯುತ್ತಮ ದಕ್ಷತೆಯನ್ನು ತೋರುತ್ತದೆ. ಒಂದು ಉದಾಹರಣೆಯನ್ನು ನೋಡಬಹುದು. ಒಂದು ಹಂತದಲ್ಲಿ ಪ್ರತಿ ಕಿಲೋಗ್ರಾಂ ಹಬೆ 180 ಕಿಲೋಜೂಲ್ ಶಕ್ತಿಯನ್ನು ಬಿಟ್ಟುಕೊಟ್ಟರೆ ಅದು ಸೆಕೆಂಡಿಗೆ 600 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಟರ್ಬೈನ್ ಚಕ್ರದ ವ್ಯಾಸ 40 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ನಿಮಿಷಕ್ಕೆ 3000 ಸುತ್ತಿನಲ್ಲಿ ಅಲಗಿನ ವೇಗ ಸೆಕೆಂಡಿಗೆ ಕೇವಲ 63 ಮೀಟರ್. ಅದೇ ಚಕ್ರ 9000 ಸುತ್ತಿನಲ್ಲಿ ತಿರುಗಿದರೆ 188 ಮೀಟರ್. ಘರ್ಷಣೆ, ಸೋರಿಕೆಗಳನ್ನು ಬದಿಗಿರಿಸಿ ಆದರ್ಶ ಸೂತ್ರದಂತೆ ಲೆಕ್ಕ ಹಾಕಿದರೂ ಮೊದಲ ಸ್ಥಿತಿಯಲ್ಲಿ ಅಲಗುಗಳು ಹಬೆಯ ಶಕ್ತಿಯ ಮೂರನೇ ಒಂದು ಭಾಗವನ್ನಷ್ಟೇ ಹಿಡಿಯಬಲ್ಲವು; ಎರಡನೆಯ ಸ್ಥಿತಿಯಲ್ಲಿ ಐದರಲ್ಲಿ ನಾಲ್ಕು ಭಾಗದಷ್ಟನ್ನು ಹಿಡಿಯುತ್ತವೆ.

ರಾಯಚೂರಿನ ಶಾಖೋತ್ಪನ್ನ ಕೇಂದ್ರದ 210 ಮೆಗಾವ್ಯಾಟಿನ ಘಟಕಗಳಲ್ಲಿ ಗೇರ್‌ಬಾಕ್ಸ್ ಏಕಿಲ್ಲ ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಅಂತಹ ಬೃಹತ್ ಯಂತ್ರಗಳ ಚಕ್ರಗಳು ದೊಡ್ಡವು, ಹಂತಗಳೂ ಅನೇಕ. ಒಂದೂವರೆ ಮೀಟರ್ ವ್ಯಾಸದ ಚಕ್ರ 3000 ಸುತ್ತಿನಲ್ಲಿಯೇ ಸೆಕೆಂಡಿಗೆ 235 ಮೀಟರ್ ವೇಗವನ್ನು ಮುಟ್ಟುತ್ತದೆ. ಆದ್ದರಿಂದ ಟರ್ಬೈನನ್ನು ಜನರೇಟರಿಗೆ ನೇರವಾಗಿ ಜೋಡಿಸಿದರೂ ನಷ್ಟವಿಲ್ಲ. ಒಂದೆರಡು ಮೆಗಾವ್ಯಾಟಿನ ಸಣ್ಣ ಯಂತ್ರಕ್ಕೆ ಈ ಸೌಲಭ್ಯವಿಲ್ಲ. ಯಂತ್ರ ಚಿಕ್ಕದಾದಷ್ಟೂ ಅದು ವೇಗವಾಗಿ ತಿರುಗಬೇಕು. ವೇಗವಾಗಿ ತಿರುಗಿದಷ್ಟೂ ಜನರೇಟರಿನೊಂದಿಗೆ ಹೊಂದಿಸಲು ಗೇರ್ ಬೇಕು. ದೈತ್ಯ ಸ್ಥಾವರಗಳಿಗಿಂತ ಸಣ್ಣ ಉದ್ದಿಮೆಗೇ ಗೇರ್‌ಬಾಕ್ಸಿನ ಅವಶ್ಯಕತೆ ಹೆಚ್ಚೆಂಬುದು ಇದರಿಂದ ಸ್ಪಷ್ಟ.

ಇದು ಹೊಸ ಸಂಗತಿಯೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ ರೂಪಿಸಿದ ಟರ್ಬೈನ್ ನಿಮಿಷಕ್ಕೆ 30,000 ಸುತ್ತುಗಳವರೆಗೆ ತಿರುಗುತ್ತಿತ್ತು. ಅದನ್ನು ಉಪಯೋಗಕ್ಕೆ ತಂದದ್ದು ಓರೆ ಹಲ್ಲಿನ ಗೇರ್. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ 1884ರಲ್ಲಿ ತನ್ನ ಮೊದಲ ಟರ್ಬೈನನ್ನು ನೇರವಾಗಿ ಡೈನಮೋಗೆ ಜೋಡಿಸಿದನಾದರೂ, ಹಡಗುಗಳ ವಿಷಯದಲ್ಲಿ ಕಡೆಗೆ ಗೇರಿನ ಮೊರೆಹೋಗಬೇಕಾಯಿತು. ಪ್ರೊಪೆಲ್ಲರ್ ನಿಧಾನವಾಗಿ ತಿರುಗಬೇಕು, ಟರ್ಬೈನ್ ವೇಗವಾಗಿ ತಿರುಗಬೇಕು. ಎರಡಕ್ಕೂ ನ್ಯಾಯ ದೊರೆತದ್ದು ವೆಸ್ಪೇಸಿಯನ್ ಎಂಬ ಸರಕು ಹಡಗಿನಲ್ಲಿ ಗೇರ್ ಅಳವಡಿಸಿ ಪರೀಕ್ಷಿಸಿದ ನಂತರವೇ.

ಟಾರ್ಕಿನ ಬೆಲೆ

ವೇಗ ನಾಣ್ಯದ ಒಂದು ಮುಖವಾದರೆ ಟಾರ್ಕ್, ಅಂದರೆ ತಿರುಗುಬಲ, ಇನ್ನೊಂದು ಮುಖ. ಶಕ್ತಿ ಒಂದೇ ಆಗಿದ್ದರೆ ವೇಗ ತಗ್ಗಿದಷ್ಟೂ ಟಾರ್ಕ್ ಏರುತ್ತದೆ. 1000 ಕಿಲೋವ್ಯಾಟ್ ಶಕ್ತಿಯನ್ನು 9000 ಸುತ್ತಿನಲ್ಲಿ ಸಾಗಿಸುವ ಶಾಫ್ಟಿನ ಮೇಲೆ ಬೀಳುವ ಟಾರ್ಕ್ ಸುಮಾರು 1060 ನ್ಯೂಟನ್ ಮೀಟರ್. 1500 ಸುತ್ತಿನಲ್ಲಿ ಅದು ಸುಮಾರು 6370ಕ್ಕೆ ಏರುತ್ತದೆ. 150 ಸುತ್ತಿನಲ್ಲಿ 63,700ರ ಹತ್ತಿರ ಹೋಗುತ್ತದೆ.

ಉದ್ಯಮಿಗಳು ನೆನಪಿಡಬೇಕಾದ ಸೂತ್ರವಿಷ್ಟೆ: ವಿದ್ಯುತ್ ಯಂತ್ರದ ಗಾತ್ರವನ್ನು, ಅದಕ್ಕೆ ಬೇಕಾದ ತಾಮ್ರ ಮತ್ತು ಉಕ್ಕನ್ನು ನಿರ್ಧರಿಸುವುದು ಮುಖ್ಯವಾಗಿ ಅದರ ಟಾರ್ಕ್, ಕಿಲೋವ್ಯಾಟ್ ಅಲ್ಲ. ನಾಲೆಯ ಕಡಿಮೆ ಎತ್ತರದ ಧುಮುಕಿನಲ್ಲಿ 150 ಸುತ್ತಿನಲ್ಲಿ ತಿರುಗುವ ಕಪ್ಲಾನ್ ಟರ್ಬೈನಿಗೆ ನೇರವಾಗಿ ಜೋಡಿಸಬೇಕಾದರೆ 40 ಪೋಲ್‌ಗಳ ಜನರೇಟರ್ ಬೇಕು. ನಡುವೆ ಐದು ಪಟ್ಟು ವೇಗ ಹೆಚ್ಚಿಸುವ ಗೇರ್ ಇದ್ದರೆ 750 ಸುತ್ತಿನ, ಎಂಟು ಪೋಲ್‌ಗಳ, ಟಾರ್ಕಿನಲ್ಲಿ ಐದನೇ ಒಂದು ಭಾಗದ ಜನರೇಟರ್ ಸಾಕು. ಅದರ ಬೆಲೆ, ತೂಕ, ಅಡಿಪಾಯದ ಕಾಂಕ್ರೀಟ್, ಕ್ರೇನಿನ ಸಾಮರ್ಥ್ಯ ಎಲ್ಲವೂ ಇಳಿಯುತ್ತವೆ.

ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ವಿದ್ಯುತ್ ಜಾಲ ಹಠಾತ್ತನೆ ಕಡಿದುಹೋದಾಗ, ಗೇಟುಗಳೂ ಸಕಾಲಕ್ಕೆ ಮುಚ್ಚದಿದ್ದರೆ, ಕಪ್ಲಾನ್ ಟರ್ಬೈನ್ ತನ್ನ ಸಾಮಾನ್ಯ ವೇಗದ ಎರಡೂವರೆ ಪಟ್ಟು ಅಥವಾ ಅದಕ್ಕೂ ಮೀರಿ ಓಡಬಲ್ಲದು. ಗೇರಿನ ಮೂಲಕ ಆ ಓಟ ಜನರೇಟರಿಗೂ ತಲುಪುತ್ತದೆ. 750 ಸುತ್ತಿನ ಜನರೇಟರ್ 1875 ಸುತ್ತನ್ನು ತಾಳಿಕೊಳ್ಳಬಲ್ಲದೇ ಎಂಬ ಪ್ರಶ್ನೆಯನ್ನು ಖರೀದಿಗೆ ಮುನ್ನವೇ ಕೇಳಬೇಕು. ಜನರೇಟರಿನಲ್ಲಿ ಶಾರ್ಟ್ ಸರ್ಕ್ಯೂಟ್ ಆದ ಕ್ಷಣದಲ್ಲಿ ಉಂಟಾಗುವ ಟಾರ್ಕ್ ಕೂಡ ಸಾಮಾನ್ಯ ಟಾರ್ಕಿನ ಹಲವು ಪಟ್ಟು ಇರುತ್ತದೆ. ಹಲ್ಲುಗಳನ್ನು ರಕ್ಷಿಸಲು ಮೊದಲೇ ಮುರಿದುಕೊಳ್ಳುವ ಪಿನ್ನುಳ್ಳ ಕಪ್ಲಿಂಗ್ ಅಥವಾ ಜಾರುವ ಕಪ್ಲಿಂಗ್ ಇಡುವುದು ವಿವೇಕ. ಕೆಲವು ಸಾವಿರ ರೂಪಾಯಿಯ ಪಿನ್ ಉಳಿಸಹೋಗಿ ಲಕ್ಷಾಂತರ ರೂಪಾಯಿಯ ಹಲ್ಲು ಕಳೆದುಕೊಳ್ಳುವುದು ವ್ಯಾಪಾರವಲ್ಲ.

ನಷ್ಟದ ಲೆಕ್ಕ, ಲಾಭದ ಲೆಕ್ಕ

ಗೇರ್‌ಬಾಕ್ಸಿನ ವಿರುದ್ಧ ಸಾಮಾನ್ಯವಾಗಿ ಹೇಳಲಾಗುವ ಮಾತು, ಅದು ಶಕ್ತಿಯನ್ನು ತಿನ್ನುತ್ತದೆ ಎಂಬುದು. ಮಾತು ಸುಳ್ಳಲ್ಲ. ಉತ್ತಮವಾಗಿ ತಯಾರಾದ ಒಂದು ಹಂತದ ಹೈಸ್ಪೀಡ್ ಗೇರ್ ಶೇಕಡಾ 1ರಿಂದ 2ರಷ್ಟು ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. 1000 ಕಿಲೋವ್ಯಾಟಿನ ಸೆಟ್ಟಿನಲ್ಲಿ ಶೇ. 1.5 ನಷ್ಟವೆಂದರೆ 15 ಕಿಲೋವ್ಯಾಟ್. ವರ್ಷಕ್ಕೆ 7000 ಗಂಟೆ ಓಡಿದರೆ 1,05,000 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ 6 ಲಕ್ಷದ 30 ಸಾವಿರ ರೂಪಾಯಿ.

ಲಾಭದ ಬದಿಯನ್ನೂ ಇದೇ ಅಳತೆಯಲ್ಲಿ ತೂಗಬೇಕು. ವೇಗ ಹೆಚ್ಚಿಸಲು ಸಾಧ್ಯವಾದುದರಿಂದ ಟರ್ಬೈನಿನ ದಕ್ಷತೆ ಶೇ. 50ರಿಂದ 60ಕ್ಕೆ ಏರಿತೆಂದು ಭಾವಿಸಿದರೆ, ಅಷ್ಟೇ ಹಬೆಯಿಂದ 1000ದ ಬದಲು 1200 ಕಿಲೋವ್ಯಾಟ್ ದೊರೆಯುತ್ತದೆ. ಹೆಚ್ಚುವರಿ 200 ಕಿಲೋವ್ಯಾಟ್ 7000 ಗಂಟೆಗಳಲ್ಲಿ 14 ಲಕ್ಷ ಯೂನಿಟ್ಟಾಗುತ್ತದೆ. ಅದೇ ದರದಲ್ಲಿ 84 ಲಕ್ಷ ರೂಪಾಯಿ. ಬ್ಯಾಕ್ ಪ್ರೆಷರ್ ಸೆಟ್ಟಿನಲ್ಲಿ ಹೆಚ್ಚು ಶಕ್ತಿ ತೆಗೆದಷ್ಟೂ ಹೊರಬರುವ ಹಬೆಯ ಶಾಖ ಸ್ವಲ್ಪ ತಗ್ಗುವುದರಿಂದ ಇಂಧನಕ್ಕಾಗಿ ಇದರಲ್ಲಿ ಕೊಂಚ ಕಳೆಯಬೇಕಾದೀತು. ಹಾಗೆ ಕಳೆದರೂ ಗೇರ್ ತಿಂದದ್ದಕ್ಕಿಂತ ಗಳಿಸಿಕೊಟ್ಟದ್ದು ಅನೇಕ ಪಟ್ಟು ಹೆಚ್ಚು.

ಒಂದು ಗೇರಿಗೂ ಇನ್ನೊಂದಕ್ಕೂ ಇರುವ ಅಂತರವನ್ನೂ ಇದೇ ರೀತಿ ನೋಡಬೇಕು. ಶೇ. 98.5ರ ಗೇರಿನ ಬದಲು ಶೇ. 97.5ರ ಅಗ್ಗದ ಗೇರ್ ಕೊಂಡವರು ಮೇಲಿನ ಲೆಕ್ಕದಂತೆ ವರ್ಷಕ್ಕೆ 4 ಲಕ್ಷದ 20 ಸಾವಿರ ರೂಪಾಯಿಯನ್ನು ಎಣ್ಣೆ ಬಿಸಿಮಾಡಲು ವ್ಯಯಿಸುತ್ತಾರೆ. ಖರೀದಿಯ ದಿನ ಉಳಿಸಿದ ಮೊತ್ತ ಎರಡು ಮೂರು ವರ್ಷಗಳಲ್ಲಿಯೇ ಕರಗಿಹೋಗಬಹುದು. ಇನ್ನೊಂದು ಅಂಶವೂ ಗಮನಾರ್ಹ: ಬೇರಿಂಗ್ ಮತ್ತು ಎಣ್ಣೆಯ ನಷ್ಟಗಳು ಲೋಡ್ ಇಳಿದಂತೆ ಹೆಚ್ಚಾಗಿ ಇಳಿಯುವುದಿಲ್ಲ. ವರ್ಷದ ಬಹುಭಾಗ ಅರ್ಧ ಲೋಡಿನಲ್ಲಿ ಓಡುವ ಘಟಕ, ಪೂರ್ಣ ಲೋಡಿನ ದಕ್ಷತೆಯ ಅಂಕಿಯನ್ನು ನಂಬಿ ಮೋಸಹೋಗಬಾರದು.

ಹಳೆಯ ಸೆಟ್ಟಿನ ಆಮಿಷ

ವರ್ತಕರ ನಡುವೆ ಉಪಯೋಗಿಸಿದ ಟರ್ಬೈನ್ ಸೆಟ್ಟುಗಳ ವ್ಯವಹಾರವೂ ಇದೆ. ವಿದೇಶಗಳಲ್ಲಿ ಕಳಚಿದ ಯಂತ್ರಗಳು ಆಕರ್ಷಕ ಬೆಲೆಗೆ ಬರುವುದುಂಟು. ಅವು 60 ಹರ್ಟ್ಸ್ ಆವರ್ತನದ ಅಮೆರಿಕದಂತಹ ದೇಶದಿಂದ ಬಂದವಾದರೆ ಗೇರಿನ ಲೆಕ್ಕ ಪೂರ್ತಿ ಬದಲಾಗುತ್ತದೆ. ಅಲ್ಲಿ ನಾಲ್ಕು ಪೋಲ್‌ಗಳ ಜನರೇಟರ್ 1800 ಸುತ್ತು ತಿರುಗುತ್ತದೆ. 9000 ಸುತ್ತಿನ ಟರ್ಬೈನಿಗೆ 5ರ ಅನುಪಾತದ ಗೇರ್ ಇರುತ್ತದೆ. ಅದನ್ನು ಹಾಗೆಯೇ ತಂದು ಇಲ್ಲಿಯ ಜಾಲಕ್ಕೆ ಜೋಡಿಸಿದರೆ ಜನರೇಟರ್ 1500ಕ್ಕೂ ಟರ್ಬೈನ್ 7500ಕ್ಕೂ ಇಳಿಯುತ್ತವೆ. ಟಾರ್ಕ್ ಮಿತಿಯನ್ನು ಮೀರಬಾರದೆಂದರೆ 1000 ಕಿಲೋವ್ಯಾಟಿನ ಸೆಟ್ಟಿನಿಂದ 833ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಬಲವಂತವಾಗಿ 1000 ತೆಗೆದರೆ ಗೇರು, ಕಪ್ಲಿಂಗು, ಶಾಫ್ಟುಗಳ ಮೇಲೆ ಶೇ. 20ರಷ್ಟು ಹೆಚ್ಚಿನ ಹೊರೆ ಬೀಳುತ್ತದೆ.

ಟರ್ಬೈನಿನ ವೇಗವನ್ನು 9000ದಲ್ಲೇ ಉಳಿಸಿಕೊಳ್ಳಬೇಕಾದರೆ ಗೇರಿನ ಅನುಪಾತವನ್ನು 6ಕ್ಕೆ ಬದಲಿಸಬೇಕು. ಹಳೆಯ ಕೇಸಿಂಗಿನಲ್ಲಿಯೇ, ಶಾಫ್ಟುಗಳ ನಡುವಣ ಅಂತರ ಬದಲಿಸದೆ ಹೊಸ ಜೋಡಿ ಕೂಡಿಸಿದರೆ ಪಿನಿಯನ್ನಿನ ವ್ಯಾಸ ಏಳನೇ ಒಂದು ಭಾಗ ಕಿರಿದಾಗುತ್ತದೆ, ಹಲ್ಲಿನ ಮೇಲಿನ ಬಲ ಆರನೇ ಒಂದು ಭಾಗ ಹೆಚ್ಚುತ್ತದೆ. ಹಲ್ಲಿನ ಅಗಲ, ಉಕ್ಕಿನ ಗುಣ, ಶಾಫ್ಟುಗಳು ತಿರುಚಿಕೊಳ್ಳುವ ಕಂಪನದ ವೇಗ ಎಲ್ಲವನ್ನೂ ಹೊಸದಾಗಿ ಪರಿಶೀಲಿಸಬೇಕಾಗುತ್ತದೆ. ಈ ಖರ್ಚನ್ನು ಕೂಡಿಸದೆ ಹಳೆಯ ಸೆಟ್ಟಿನ ಬೆಲೆಯನ್ನು ಅಗ್ಗವೆಂದು ಕರೆಯಲಾಗದು.

ಗೇರ್ ಇಲ್ಲದ ದಾರಿಗಳು

ಗೇರ್ ಎಲ್ಲೆಡೆಯೂ ಅನಿವಾರ್ಯವೆಂದು ವಾದಿಸುವುದು ಸರಿಯಲ್ಲ. ನಿಮಿಷಕ್ಕೆ 15 ಸುತ್ತಿನ ಆಸುಪಾಸಿನಲ್ಲಿ ತಿರುಗುವ ದೊಡ್ಡ ಗಾಳಿಯಂತ್ರವನ್ನು 1500 ಸುತ್ತಿನ ಜನರೇಟರಿಗೆ ಹೊಂದಿಸಲು ನೂರು ಪಟ್ಟಿನ, ಮೂರು ಹಂತದ ಗೇರ್ ಬೇಕು. ಎತ್ತರದ ಗೋಪುರದ ಮೇಲೆ ಅದರ ದುರಸ್ತಿ ಕಷ್ಟಸಾಧ್ಯ. ಆದುದರಿಂದಲೇ ಕೆಲವು ತಯಾರಕರು ಅನೇಕ ಪೋಲ್‌ಗಳ ದೊಡ್ಡ ಜನರೇಟರನ್ನು ನೇರವಾಗಿ ಜೋಡಿಸಿ, ಎಲೆಕ್ಟ್ರಾನಿಕ್ ಪರಿವರ್ತಕದ ಮೂಲಕ 50 ಹರ್ಟ್ಸ್ ಪಡೆಯುವ ಮಾರ್ಗ ಹಿಡಿದರು. ಇತ್ತ 30 ಕಿಲೋವ್ಯಾಟಿನ ಮೈಕ್ರೋ ಗ್ಯಾಸ್ ಟರ್ಬೈನುಗಳಲ್ಲಿ 96,000 ಸುತ್ತಿನ ಜನರೇಟರನ್ನೇ ಟರ್ಬೈನಿನ ಶಾಫ್ಟಿನ ಮೇಲೆ ಕೂಡಿಸಿ ಗೇರನ್ನು ಕೈಬಿಟ್ಟ ಉದಾಹರಣೆಯೂ ಇದೆ.

ಈ ಎರಡೂ ಕಡೆ ಗೇರಿನ ಕೆಲಸವನ್ನು ಎಲೆಕ್ಟ್ರಾನಿಕ್ ಪರಿವರ್ತಕಕ್ಕೆ ವಹಿಸಲಾಗಿದೆಯೇ ಹೊರತು ಕೆಲಸವೇ ಇಲ್ಲವಾಗಿಲ್ಲ. ಪರಿವರ್ತಕಕ್ಕೂ ನಷ್ಟವಿದೆ, ಬೆಲೆಯಿದೆ, ಆಯುಷ್ಯವಿದೆ. ನೆಲದ ಮೇಲೆ, ಛಾವಣಿಯ ಕೆಳಗೆ, ಸ್ಥಿರ ವೇಗದಲ್ಲಿ ಓಡುವ ಒಂದೆರಡು ಮೆಗಾವ್ಯಾಟಿನ ಹಬೆಯ ಸೆಟ್ಟಿಗೆ ಉತ್ತಮ ಗೇರ್‌ಬಾಕ್ಸ್ ಇಂದಿಗೂ ಸರಳ ಹಾಗೂ ಮಿತವ್ಯಯದ ಪರಿಹಾರ. ಗೇರ್‌ರಹಿತ ಎಂಬ ಪದಕ್ಕೆ ಮಾರುಹೋಗದೆ ಲೆಕ್ಕ ಕೇಳುವುದು ಲೇಸು.

ಸಕ್ಕರೆ ಕಾರ್ಖಾನೆಗಳ ಅನುಭವ ಇಲ್ಲಿ ಬೋಧಪ್ರದ. ಕಬ್ಬು ಅರೆಯುವ ರೋಲರುಗಳನ್ನು ಒಂದೊಂದು ಸಣ್ಣ ಟರ್ಬೈನಿನಿಂದ ತಿರುಗಿಸುವ ಹಳೆಯ ಪದ್ಧತಿಯಲ್ಲಿ ಹಬೆ ವಿಪರೀತ ಖರ್ಚಾಗುತ್ತಿತ್ತು. ಆ ಹಬೆಯನ್ನು ಬಹುಹಂತದ ಒಂದು ದಕ್ಷ ಟರ್ಬೈನಿಗೆ ಕೊಟ್ಟು, ಉತ್ಪತ್ತಿಯಾದ ವಿದ್ಯುತ್ತಿನಿಂದ ಮೋಟಾರುಗಳ ಮೂಲಕ ರೋಲರ್ ತಿರುಗಿಸುವ ಪದ್ಧತಿ ಲಾಭದಾಯಕವೆನಿಸಿದೆ. ಗೇರ್ ಮಾತ್ರ ಅಲ್ಲಿಯೂ ತಪ್ಪಲಿಲ್ಲ. ನಿಮಿಷಕ್ಕೆ ನಾಲ್ಕೈದು ಸುತ್ತು ತಿರುಗುವ ರೋಲರಿಗೆ 750 ಕಿಲೋವ್ಯಾಟ್ ತಲುಪಿಸಲು ಸುಮಾರು 16 ಲಕ್ಷ ನ್ಯೂಟನ್ ಮೀಟರ್ ಟಾರ್ಕ್ ಬೇಕು. ಅದನ್ನು ಕೊಡುವುದು ಗ್ರಹಮಂಡಲ ಮಾದರಿಯ ಪ್ಲಾನೆಟರಿ ಗೇರ್.

ಖರೀದಿದಾರರು ಕೇಳಬೇಕಾದುದು

ಟರ್ಬೈನ್ ಒಬ್ಬರಿಂದ, ಗೇರ್ ಇನ್ನೊಬ್ಬರಿಂದ, ಜನರೇಟರ್ ಮತ್ತೊಬ್ಬರಿಂದ ಕೊಂಡು ಮೂರು ಕಡೆಯೂ ಕಡಿಮೆ ಬೆಲೆ ಸಾಧಿಸಿದೆನೆಂದು ಹಿಗ್ಗುವವರು, ಕಂಪನ ಕಾಣಿಸಿಕೊಂಡ ದಿನ ಮೂವರೂ ಪರಸ್ಪರ ಬೆರಳು ತೋರುವುದನ್ನು ನೋಡಬೇಕಾಗುತ್ತದೆ. ಇಡೀ ಸೆಟ್ಟಿನ ದಕ್ಷತೆ, ಕಂಪನ, ಅಲೈನ್‌ಮೆಂಟ್ ಮತ್ತು ಶಾಫ್ಟುಗಳ ತಿರುಚು ಕಂಪನದ ವಿಶ್ಲೇಷಣೆಗೆ ಒಬ್ಬರೇ ಲಿಖಿತವಾಗಿ ಹೊಣೆಯಾಗಬೇಕು. ಖಾತರಿಯ ಅಂಕಿ ಟರ್ಬೈನಿನ ಶಾಫ್ಟಿನಲ್ಲಿ ಸಾಲದು, ಜನರೇಟರಿನ ತುದಿಯಲ್ಲಿ ದೊರೆಯುವ ಯೂನಿಟ್ಟಿಗೆ ಎಷ್ಟು ಹಬೆ ಎಂಬ ರೂಪದಲ್ಲಿ ಬೇಕು.

ಹೈಸ್ಪೀಡ್ ಗೇರ್ ಯಾವ ಮಾನದಂಡಕ್ಕೆ ಅನುಗುಣವಾಗಿದೆ ಎಂದು ವಿಚಾರಿಸಬೇಕು. ಎಜಿಎಂಎ 6011, ಎಪಿಐ 613 ಮೊದಲಾದ ಮಾನದಂಡಗಳು ಲಭ್ಯವಿವೆ. ಹಲ್ಲುಗಳ ಸಂಖ್ಯೆಯನ್ನೂ ಕೇಳಿ ತಿಳಿಯಬೇಕು. ಪಿನಿಯನ್ನಿನಲ್ಲಿ 27, ದೊಡ್ಡ ಗಾಲಿಯಲ್ಲಿ 162 ಹಲ್ಲುಗಳಿದ್ದರೆ ಅದೇ ಹಲ್ಲುಗಳು ಮತ್ತೆ ಮತ್ತೆ ಸಂಧಿಸಿ ಒಂದರ ದೋಷ ಇನ್ನೊಂದರಲ್ಲಿ ಅಚ್ಚೊತ್ತುತ್ತದೆ. 162ರ ಬದಲು 161 ಇಟ್ಟರೆ ಸಮಾನ ಅಪವರ್ತನವಿಲ್ಲದ ಕಾರಣ ಸವೆತ ಎಲ್ಲ ಹಲ್ಲುಗಳಿಗೂ ಹಂಚಿಹೋಗುತ್ತದೆ. ಟರ್ಬೈನಿನ ವೇಗ 9000ದ ಬದಲು 8944 ಆಗುವುದರಿಂದ ಯಾವ ಹಾನಿಯೂ ಇಲ್ಲ. ಮಾಡ್ಯೂಲ್, ಹಲ್ಲಿನ ಓರೆಕೋನ, ಶಾಫ್ಟುಗಳ ಅಂತರ, ಉಕ್ಕಿನ ದರ್ಜೆ, ಹದಗೊಳಿಸಿದ ಬಗೆ ಇವೆಲ್ಲ ನಮೂದಾದ ವಿವರಪಟ್ಟಿಯನ್ನು ಯಂತ್ರದ ಜೊತೆಯಲ್ಲಿಯೇ ಪಡೆಯಬೇಕು. ಹತ್ತು ವರ್ಷಗಳ ನಂತರ ಹಲ್ಲು ಮುರಿದಾಗ ಆ ಹಾಳೆಯ ಬೆಲೆ ತಿಳಿಯುತ್ತದೆ.

ಸಣ್ಣ ತಯಾರಕರ ಪಾಲು

ಕರ್ನಾಟಕಕ್ಕೆ ಈ ಕ್ಷೇತ್ರದಲ್ಲಿ ವಿಶೇಷ ಅನುಕೂಲವಿದೆ. ಬೆಂಗಳೂರಿನಲ್ಲಿ ತ್ರಿವೇಣಿ ಸಂಸ್ಥೆಯ ಹಬೆ ಟರ್ಬೈನುಗಳು, ಮೈಸೂರಿನಲ್ಲಿ ಅದೇ ಸಮೂಹದ ಹೈಸ್ಪೀಡ್ ಗೇರುಗಳು, ಡಾಬಸ್‌ಪೇಟೆಯಲ್ಲಿ ಟಿ.ಡಿ. ಪವರ್ ಸಿಸ್ಟಮ್ಸ್‌ನ ಜನರೇಟರುಗಳು ತಯಾರಾಗುತ್ತವೆ. ಟರ್ಬೈನ್, ಗೇರ್, ಜನರೇಟರ್ ಮೂರೂ ಕೆಲವೇ ಗಂಟೆಗಳ ಪ್ರಯಾಣದ ಅಂತರದಲ್ಲಿ ಸಿದ್ಧವಾಗುವ ಪ್ರದೇಶಗಳು ವಿರಳ. ಬೆಂಗಳೂರಿನ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಹಾಗೂ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಗಳ ನೆರವೂ ಕೈಗೆಟುಕುವಂತಿದೆ.

ಸಣ್ಣ ತಯಾರಕರು ಇಲ್ಲಿ ತಮ್ಮ ಶಕ್ತಿಯ ಅಳತೆ ಅರಿತು ಹೆಜ್ಜೆ ಇಡಬೇಕು. 15 ಸೆಂಟಿಮೀಟರ್ ವ್ಯಾಸದ ಪಿನಿಯನ್ 9000 ಸುತ್ತಿನಲ್ಲಿ ತಿರುಗುವಾಗ ಹಲ್ಲುಗಳು ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ಸಂಧಿಸುತ್ತವೆ. ಅಲ್ಲಿ ಬೇಕಾದ ಗ್ರೈಂಡಿಂಗಿನ ನಿಖರತೆ, ಹದಗಾರಿಕೆ, ಬ್ಯಾಲೆನ್ಸಿಂಗ್ ಸಾಮಾನ್ಯ ಗೇರ್ ಕಟಿಂಗ್ ಶಾಪಿನ ಎಟುಕಿಗೆ ಬರುವಂಥವಲ್ಲ. ಸಾಹಸಕ್ಕೆ ಇಳಿದು ಗ್ರಾಹಕನ ಯಂತ್ರವನ್ನು ಪ್ರಯೋಗಶಾಲೆ ಮಾಡುವುದು ಸಲ್ಲದು. ಆದರೆ ಕಡಿಮೆ ವೇಗದ ಜಲವಿದ್ಯುತ್ ಗೇರುಗಳು, ಸಕ್ಕರೆ ಗಿರಣಿಯ ಗೇರಿನ ಬಿಡಿಭಾಗಗಳು, ಕೇಸಿಂಗಿನ ಎರಕ, ಕಪ್ಲಿಂಗುಗಳು, ಎಣ್ಣೆ ಪಂಪು ಹಾಗೂ ಕೂಲರುಗಳು, ಬೇರಿಂಗುಗಳಿಗೆ ಬಿಳಿಲೋಹದ ಮರುಲೇಪನ ಇವೆಲ್ಲ ಪೀಣ್ಯ, ಬೆಳಗಾವಿ, ಹುಬ್ಬಳ್ಳಿ, ಶಿವಮೊಗ್ಗಗಳ ಕಾರ್ಯಾಗಾರಗಳು ಗೌರವದಿಂದ ನಿರ್ವಹಿಸಬಲ್ಲ ಕೆಲಸಗಳು. ಮಲೆನಾಡಿನ ತೊರೆಗಳಲ್ಲಿ ಕಿಲೋವ್ಯಾಟಿನ ಆಸುಪಾಸಿನ ಪುಟ್ಟ ಜಲವಿದ್ಯುತ್ ಘಟಕಗಳಲ್ಲಿ ಬೆಲ್ಟ್ ಮತ್ತು ಪುಲಿಗಳೇ ಗೇರಿನ ಪಾತ್ರ ವಹಿಸಬಲ್ಲವು. ಅಲ್ಲಿಯೂ ವೇಗ ಮತ್ತು ಟಾರ್ಕಿನ ಲೆಕ್ಕ ತಪ್ಪಿದರೆ ಬೆಲ್ಟ್ ಸುಡುತ್ತದೆ, ಬೇರಿಂಗ್ ಹೋಗುತ್ತದೆ.

ವಾಣಿಜ್ಯೋದ್ಯಮ ಸಂಸ್ಥೆಗಳು ಈ ನಿಟ್ಟಿನಲ್ಲಿ ಎರಡು ಕಾರ್ಯಗಳನ್ನು ಕೈಗೆತ್ತಿಕೊಳ್ಳುವುದು ಉಚಿತ. ಮೊದಲನೆಯದು, ಸಣ್ಣ ಟರ್ಬೈನ್ ಸೆಟ್ಟಿನ ಖರೀದಿಗೆ ಒಂದು ಮಾದರಿ ಕರಾರನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚುವುದು. ಎರಡನೆಯದು, ಕಂಪನ ಅಳೆಯುವ, ಎಣ್ಣೆ ಪರೀಕ್ಷಿಸುವ, ಅಲೈನ್‌ಮೆಂಟ್ ನೋಡುವ ಉಪಕರಣಗಳನ್ನು ಸದಸ್ಯರು ಬಾಡಿಗೆಗೆ ಪಡೆಯುವಂತೆ ಜಿಲ್ಲಾ ಮಟ್ಟದಲ್ಲಿ ವ್ಯವಸ್ಥೆ ಮಾಡುವುದು. ಎಣ್ಣೆಯಲ್ಲಿ ನೀರು ಸೇರಿದ್ದನ್ನು, ಬಿಸಿಯಾದ ಟರ್ಬೈನಿನ ಶಾಫ್ಟ್ ಮೇಲೇರಿದ್ದನ್ನು ಸಕಾಲದಲ್ಲಿ ಕಂಡುಹಿಡಿದರೆ ಉಳಿಯುವ ಹಲ್ಲುಗಳು ಅನೇಕ. ಒಬ್ಬೊಬ್ಬ ಸಣ್ಣ ಉದ್ಯಮಿಗೆ ಹೊರೆಯಾಗುವ ಈ ಉಪಕರಣಗಳು ಇಪ್ಪತ್ತು ಜನ ಸೇರಿದರೆ ಹೊರೆಯಾಗಲಾರವು. ಅಂತಹ ವ್ಯವಸ್ಥೆ ಬರುವವರೆಗೂ ಟರ್ಬೈನ್ ಕೊಳ್ಳಹೊರಟವರು ದರಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವ ಅಭ್ಯಾಸ ಬೆಳೆಸಿಕೊಳ್ಳುವುದು ಒಳಿತು. ಗೇರ್‌ಬಾಕ್ಸಿನ ಸಾಲು ತೃಪ್ತಿಕರವಾಗಿದ್ದರೆ ಮಾತ್ರ ಮೇಲಿನ ಸಾಲುಗಳ ಚೌಕಾಸಿಗೆ ಅರ್ಥವಿರುತ್ತದೆ.